ಗ್ರಿಲ್ ಆ್ಯಂಡ್ ಸಲೂನ್‌ನಲ್ಲಿ ಆರು ಗೆಳೆಯರ ಊಟ: ಏನು ತರಿಸಬೇಕು, ಬಿಲ್ಲನ್ನು ಹೇಗೆ ಹಂಚಬೇಕು?

ಪ್ರಶ್ನೆ: ಸೇಡಂ ರಸ್ತೆಯವ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಒಂದೇ ಕಾಲೇಜಿನಲ್ಲಿ ಓದಿದ ಆರು ಜನ ಗೆಳೆಯರು ನಾವು, ವರ್ಷಕ್ಕೊಮ್ಮೆ ತಪ್ಪದೆ ಸೇರುತ್ತೇವೆ. ಇಲ್ಲಿಯವರೆಗೆ ಮೂವರು ತಹರಿ (ಮಾಂಸ ಬೆರೆಸಿದ ಮಸಾಲೆ ಅನ್ನ) ತಿನ್ನಲು, ಉಳಿದವರು ಖಾನಾವಳಿಯ ಜೋಳದ ರೊಟ್ಟಿ, ಎಣ್ಣೆಗಾಯಿ ಉಣ್ಣಲು ಹೋಗಿ, ಆಮೇಲೆ ಚಹಾದ ಅಂಗಡಿಯಲ್ಲಿ ಒಂದಾಗುತ್ತಿದ್ದೆವು. ಈ ಸಲ ಹೈದರಾಬಾದಿನಲ್ಲಿ ನೆಲೆಸಿರುವ ಗೆಳೆಯನು ಅಲ್ಲಿನ ಅಮೆರಿಕನ್ ಮಾದರಿಯ ‘ಗ್ರಿಲ್ ಆ್ಯಂಡ್ ಸಲೂನ್’ ಒಂದಕ್ಕೆ ಎಲ್ಲರನ್ನೂ ಕರೆದಿದ್ದಾನೆ. ಮನೆಯಲ್ಲಿ ಈ ಹೆಸರು ಹೇಳಿದಾಗ ನಮ್ಮ ತಾಯಿಯವರು, “ಕಟಿಂಗ್ ಮಾಡಸ್ಕೊಂಡು ಊಟಾ ಮಾಡ್ತೀರೇನು?” ಎಂದು ಕೇಳಿದರು.

ನಮ್ಮಲ್ಲಿ ಇಬ್ಬರು ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳು, ಒಬ್ಬನು ಹಲಾಲ್ ಅಲ್ಲದ್ದನ್ನು ತಿನ್ನುವುದಿಲ್ಲ, ಕುಡಿಯುವವರು ಮೂವರು ಮಾತ್ರ. ಹೋದ ವರ್ಷ ಒಂದು ಬಾರಿನಲ್ಲಿ ಬಿಲ್ಲನ್ನು ಆರು ಪಾಲು ಮಾಡಿದಾಗ, ಬರೀ ಸೋಡಾ ಕುಡಿದವನು ಏನೂ ಅನ್ನದೆ ಹಣ ಕೊಟ್ಟನು. ಅವನು ಸುಮ್ಮನಿದ್ದದ್ದೇ ನನಗೆ ಇಂದಿಗೂ ಚುಚ್ಚುತ್ತದೆ. ಇಂತಹ ಜಾಗದಲ್ಲಿ ಎಲ್ಲರೂ ಒಂದೇ ಮೇಜಿನಲ್ಲಿ ಹೊಟ್ಟೆ ತುಂಬ ಉಣ್ಣುವುದು ಸಾಧ್ಯವೇ? ಮಾಂಸವನ್ನು ಎಷ್ಟು ಬೇಯಿಸಬೇಕೆಂದು ಬಡಿಸುವವರು ಕೇಳುತ್ತಾರಂತೆ, ಅದಕ್ಕೆ ಏನು ಹೇಳಬೇಕು? ತಿಳಿದವರು ತಿಳಿಸಬೇಕು.

ಉತ್ತರ: ಅಡುಗೆಮನೆಯವ, ಬೀದರ

ಹೈದರಾಬಾದಿನ ಇಂತಹ ಅಡುಗೆಮನೆಗಳಲ್ಲಿ ಕೆಲವು ವರ್ಷ ದುಡಿದವನಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಗ್ರಿಲ್ ಎಂದರೆ ಕಂಬಿಗಳ ಮೇಲೆ, ನೇರ ಉರಿಯ ಕಾವಿನಲ್ಲಿ, ಕೆಲವೇ ನಿಮಿಷಗಳಲ್ಲಿ ಸುಡುವುದು. ಅಮೆರಿಕದವರು ಬಾರ್ಬೆಕ್ಯೂ ಎನ್ನುವುದು ಬೇರೆ: ಅದು ಸಣ್ಣ ಕಾವಿನಲ್ಲಿ, ಕಟ್ಟಿಗೆಯ ಹೊಗೆಯಲ್ಲಿ, ಗಂಟೆಗಟ್ಟಲೆ ಬೇಯುವಂಥದ್ದು. ನಮ್ಮ ಸೀಖ್ ಕಬಾಬು ಗ್ರಿಲ್ಲಿನ ತಮ್ಮನೇ ಹೊರತು ಬಾರ್ಬೆಕ್ಯೂವಿನದಲ್ಲ. ಆದರೆ ನಮ್ಮವರು ಮಾಂಸಕ್ಕೆ ಹಸಿ ಪಪ್ಪಾಯಿಕಾಯಿ ಅರೆದು ಹಚ್ಚಿ, ಅದರಲ್ಲಿರುವ ಪಪೈನ್ ಎಂಬ ಕಿಣ್ವದಿಂದ ಮೆದುವಾದ ಮೇಲೆ ಮಸಾಲೆ ಹಾಕುತ್ತಾರೆ. ಸ್ಟೇಕ್ ಎಂಬ ದಪ್ಪ ಮಾಂಸದ ತುಂಡಿಗೆ ಉಪ್ಪು ಮತ್ತು ಕಾಳುಮೆಣಸೇ ಮಸಾಲೆ. ಕಲಬುರಗಿಯ ನಾಲಿಗೆಗೆ ಅದು ಸಪ್ಪೆ ಎನ್ನಿಸದಿದ್ದರೆ ನನಗೆ ಆಶ್ಚರ್ಯ.

ಎಷ್ಟು ಬೇಯಿಸಬೇಕೆಂಬ ಪ್ರಶ್ನೆ ತುಂಡಿನ ನಟ್ಟನಡುವಿನ ಕಾವಿಗೆ ಸಂಬಂಧಿಸಿದ್ದು. ಸುಮಾರು 52 ಡಿಗ್ರಿ ಸೆಲ್ಸಿಯಸ್ ಆದರೆ ಒಳಗೆ ಕೆಂಪಾಗಿಯೇ ಇರುತ್ತದೆ, ಅದು ರೇರ್. 60ರ ಹತ್ತಿರ ಗುಲಾಬಿ ಬಣ್ಣ ಉಳಿದರೆ ಮಿಡಿಯಂ. 70 ದಾಟಿ ಬಣ್ಣವೆಲ್ಲ ಕಂದಾದರೆ ವೆಲ್ ಡನ್. ತಟ್ಟೆಯಲ್ಲಿ ಇಳಿಯುವ ಕೆಂಪು ನೀರನ್ನು ನೋಡಿ ರಕ್ತವೆಂದು ಹೇಸುವುದು ಬೇಡ. ಅದು ಸ್ನಾಯುವಿನಲ್ಲಿರುವ ಮಯೋಗ್ಲೋಬಿನ್ ಬೆರೆತ ರಸ. ಈ ಆಯ್ಕೆ ದನ, ಕುರಿಯ ಮಾಂಸದ ಇಡೀ ತುಂಡುಗಳಿಗೆ ಮಾತ್ರ. ಕೋಳಿ 74 ಡಿಗ್ರಿ ಮುಟ್ಟಲೇಬೇಕು, ಆದ್ದರಿಂದ ಚಿಕನ್ ಸ್ಟೇಕ್‌ಗೆ ಯಾರಾದರೂ ಈ ಪ್ರಶ್ನೆ ಕೇಳಿದರೆ ಅವರಿಗೆ ಕೆಲಸ ಹೊಸದು ಎಂದು ತಿಳಿಯಿರಿ. ಟೆಂಡರ್‌ಲಾಯಿನ್ (ಬೆನ್ನಿನ ಮೆದು ಮಾಂಸ) ಎಂದು ಬರೆದಿದ್ದರೆ ನಮ್ಮ ದೇಶದಲ್ಲಿ ಅದು ಸಾಮಾನ್ಯವಾಗಿ ಎಮ್ಮೆ ಅಥವಾ ಕೋಣದ ಮಾಂಸ. ತಿನ್ನುವವರು, ತಿನ್ನದವರು ಇಬ್ಬರೂ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಅದರಲ್ಲಿ ಕೊಬ್ಬು ಕಡಿಮೆ, ವೆಲ್ ಡನ್ ಮಾಡಿಸಿದರೆ ಅಗಿಯುವುದೇ ಕೆಲಸವಾಗುತ್ತದೆ.

ಸಸ್ಯಾಹಾರಿಗಳ ವಿಷಯದಲ್ಲಿ ಮೆನುವಿನ ಹಸಿರು ಚುಕ್ಕೆಯೊಂದನ್ನೇ ನಂಬಬೇಡಿ. ಪನೀರು, ಅಣಬೆ, ಮೆಕ್ಕೆಜೋಳದ ತೆನೆಗಳನ್ನು ಮಾಂಸ ಸುಟ್ಟ ಅದೇ ಕಂಬಿಯ ಮೇಲೆ ಇಡುವುದುಂಟು, ಆಲೂಗಡ್ಡೆಯನ್ನು ಕೋಳಿ ಕರಿದ ಎಣ್ಣೆಯಲ್ಲೇ ಕರಿಯುವುದುಂಟು. ಬಾರ್ಬೆಕ್ಯೂ ಸಾಸಿಗೆ ಹಾಕುವ ವೂಸ್ಟರ್‌ಶೈರ್ ಸಾಸಿನ ಮೂಲ ಪಾಕದಲ್ಲಿ ಆಂಕೋವಿ ಎಂಬ ಮೀನು ಇದೆ, ಮೇಯನೇಸ್‌ನಲ್ಲಿ ಮೊಟ್ಟೆ ಇರಬಹುದು. ನಿಮ್ಮ ಹಲಾಲ್ ಗೆಳೆಯನಿಗೆ ಹಂದಿಯ ಬೇಕನ್ ಎಲ್ಲಿದೆ ಎಂದು ಕೇಳುವುದು ಗೊತ್ತಿರುತ್ತದೆ. ಆದರೆ ಈರುಳ್ಳಿ ರಿಂಗ್ಸ್‌ನ ಹಿಟ್ಟಿಗೆ ಬಿಯರ್ ಬೆರೆಸುತ್ತಾರೆ, ಕೆಲವು ಸಾಸುಗಳಿಗೆ ವಿಸ್ಕಿ ಸುರಿಯುತ್ತಾರೆ ಎಂಬುದು ಮೆನುವಿನ ಸಣ್ಣ ಅಕ್ಷರಗಳಲ್ಲಿ ಮಾತ್ರ ಇರುತ್ತದೆ, ಕೆಲವೆಡೆ ಅಷ್ಟೂ ಇರುವುದಿಲ್ಲ. ಎರಡು ದಿನ ಮೊದಲೇ ಫೋನ್ ಮಾಡಿ, ಬೇರೆ ತವಾ, ಬೇರೆ ಎಣ್ಣೆ ಸಾಧ್ಯವೇ ಎಂದು ಕೇಳಿ. ಶನಿವಾರ ರಾತ್ರಿ ಒಂಬತ್ತಕ್ಕೆ ಮೇಜಿನಲ್ಲಿ ಕುಳಿತು ಕೇಳಿದರೆ ಒಳಗಿನಿಂದ “ಆಯ್ತು” ಎಂಬ ಉತ್ತರ ಬರುತ್ತದೆ, ಆದರೆ ಒಳಗೆ ಏನೂ ಬದಲಾಗುವುದಿಲ್ಲ. ಇದು ನಾನು ಕಣ್ಣಾರೆ ಕಂಡದ್ದು.

ಉತ್ತರ: ಭೀಮಾತೀರದವ, ಯಾದಗಿರಿ

ತಾಯಿಯವರ ಪ್ರಶ್ನೆ ಸರಿಯಾಗಿಯೇ ಇದೆ. ಫ್ರೆಂಚರ ಪಡಸಾಲೆಗೆ ಇದ್ದ ‘ಸಲೋಂ’ ಎಂಬ ಪದವು ಇಂಗ್ಲಿಷಿಗೆ ಬಂದು, ನಮ್ಮಲ್ಲಿ ಕ್ಷೌರದಂಗಡಿಯಾಯಿತು, ಅಮೆರಿಕದ ಪಶ್ಚಿಮದಲ್ಲಿ ಹೆಂಡದಂಗಡಿಯಾಯಿತು. 1867ರಲ್ಲಿ ಕಾನ್ಸಾಸ್‌ನ ಆಬಿಲೀನ್ ಊರಿನ ರೈಲು ನಿಲ್ದಾಣಕ್ಕೆ ಟೆಕ್ಸಾಸಿನಿಂದ ದನಗಳ ಹಿಂಡು ಹೊಡೆದು ತರುವುದು ಶುರುವಾದ ಮೇಲೆ, ತಿಂಗಳುಗಟ್ಟಲೆ ಧೂಳು ಕುಡಿದು ಬಂದ ದನಗಾಹಿಗಳ ಕೂಲಿ ಹಣವೆಲ್ಲ ಸೇರುತ್ತಿದ್ದುದು ಇಂತಹ ಸಲೂನುಗಳಿಗೇ. ಆ ದೇಶದ ಅನೇಕ ಸಲೂನುಗಳಲ್ಲಿ ಕುಡಿಯುವವರಿಗೆ ಊಟ ಪುಕ್ಕಟೆ ಇಡುತ್ತಿದ್ದರು; ಉಪ್ಪು ಹೆಚ್ಚಿಗೆ ಇದ್ದುದರಿಂದ ಗಿರಾಕಿ ಮತ್ತೆ ಮತ್ತೆ ಕುಡಿಯುತ್ತಿದ್ದನು. ಈಗಲೂ ಕುಳಿತ ಕೂಡಲೇ ಉಪ್ಪು ಸವರಿದ ಶೇಂಗಾ ಬಂದರೆ ಈ ಮಾತನ್ನು ನೆನೆಸಿಕೊಳ್ಳಿ.

ಇನ್ನೊಂದು ಮಾತು. ಕಾರು ತೆಗೆದುಕೊಂಡು ಹೋಗಬೇಡಿ. ನೂರು ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ, ಇಲ್ಲವೇ ಎರಡೂ. ವಾಡಿ, ತಾಂಡೂರಿನ ದಾರಿಯ ರೈಲು ಇರುವಾಗ ಕುಡಿಯದ ಗೆಳೆಯನನ್ನು ರಾತ್ರಿಯೆಲ್ಲ ಚಾಲಕನನ್ನಾಗಿ ಮಾಡುವುದು ಸೋಡಾದ ಬಿಲ್ಲಿಗಿಂತ ದೊಡ್ಡ ಅನ್ಯಾಯ.

ಉತ್ತರ: ಲೆಕ್ಕಿಗ, ಕಲಬುರಗಿ

ಬಿಲ್ಲಿನ ಬಗ್ಗೆ ನಾನು ಹೇಳುತ್ತೇನೆ. ಮದ್ಯ ಜಿಎಸ್‌ಟಿ ವ್ಯಾಪ್ತಿಗೆ ಬರುವುದಿಲ್ಲ, ಅದರ ಮೇಲಿನ ತೆರಿಗೆ ರಾಜ್ಯದ್ದು. ಊಟಕ್ಕೆ ಸಾಮಾನ್ಯ ರೆಸ್ಟೋರೆಂಟಿನಲ್ಲಿ ಶೇ 5ರಷ್ಟು ಜಿಎಸ್‌ಟಿ ಇರುತ್ತದೆ. ಹೀಗೆ ಎರಡು ಲೆಕ್ಕಗಳು ಮೊದಲೇ ಬೇರೆಯಾಗಿರುವುದರಿಂದ, ಊಟಕ್ಕೊಂದು, ಕುಡಿತಕ್ಕೊಂದು ಬಿಲ್ಲು ಕೊಡಿರೆಂದು ಕೇಳಲು ಸಂಕೋಚ ಬೇಡ. ಊಟ 6,000, ಮದ್ಯ 4,500 ಆಯಿತೆನ್ನಿ. ಆರು ಪಾಲು ಮಾಡಿದರೆ ತಲೆಗೆ 1,750. ಬೇರೆ ಮಾಡಿದರೆ ಕುಡಿಯದವನಿಗೆ 1,000, ಕುಡಿದವನಿಗೆ 2,500. ಸೋಡಾ ಗೆಳೆಯನು ಹೋದ ವರ್ಷ ಏಕೆ ಸುಮ್ಮನಿದ್ದನೆಂಬುದು ಈ 750 ರೂಪಾಯಿಯಲ್ಲಿದೆ.

ಬಿಲ್ಲಿನ ಕೊನೆಯಲ್ಲಿ ಸೇವಾ ಶುಲ್ಕ ಸೇರಿಸಿದ್ದರೆ ತೆಗೆಸಬಹುದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಅದನ್ನು ತಾನಾಗಿ ಸೇರಿಸುವಂತಿಲ್ಲ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಆ ಮಾರ್ಗಸೂಚಿಯನ್ನು ಎತ್ತಿಹಿಡಿದಿದೆ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಬಡಿಸಿದ ಹುಡುಗನ ಕೈಗೆ ನಿಮ್ಮ ಮನಸ್ಸಿಗೆ ಬಂದಷ್ಟು ಕೊಡುವುದು ಬೇರೆ ಮಾತು.

ಉತ್ತರ: ಹಳೆಯ ಗೆಳೆಯ, ಹುಮನಾಬಾದ್

ಗೆಳೆಯರ ನಡುವೆ ಇಷ್ಟು ಲೆಕ್ಕ ಬೇಕೇ? ಒಂದು ವರ್ಷ ಒಬ್ಬನು ಕೊಡಲಿ, ಮುಂದಿನ ವರ್ಷ ಇನ್ನೊಬ್ಬನು ಕೊಡಲಿ.

ಮರುನುಡಿ: ಸೇಡಂ ರಸ್ತೆಯವ, ಕಲಬುರಗಿ

ಹುಮನಾಬಾದಿನ ಹಿರಿಯರೇ, ನಮ್ಮಲ್ಲಿ ಒಬ್ಬನು ಶಾಲಾ ಶಿಕ್ಷಕ, ಇನ್ನೊಬ್ಬನು ಸಾಫ್ಟ್‌ವೇರ್‌ನವನು. ಸರದಿ ಎಂದರೆ ಶಿಕ್ಷಕನ ಸರದಿಯ ವರ್ಷ ಊಟವೇ ನಡೆಯದಂತಾಗುತ್ತದೆ ಎಂಬ ಅಂಜಿಕೆ ನನ್ನದು. ಹೋದ ವಾರ ಹೋಗಿಬಂದೆವು. ಗುರುವಾರವೇ ಫೋನ್ ಮಾಡಿದ್ದರಿಂದ ಪನೀರು, ಅಣಬೆಗಳು ಬೇರೆ ತವಾದ ಮೇಲೆ ಬೆಂದು ಬಂದವು. ಅವರ ಕೋಳಿ ಹಲಾಲ್ ಎಂಬುದನ್ನೂ ಫೋನಿನಲ್ಲೇ ಕೇಳಿಕೊಂಡಿದ್ದೆ. ಈರುಳ್ಳಿ ರಿಂಗ್ಸ್‌ಗೆ ಬಿಯರ್ ಹಾಕುತ್ತೇವೆಂದು ಅವರೇ ಒಪ್ಪಿಕೊಂಡರು, ನಾವು ತರಿಸಲಿಲ್ಲ. ಸ್ಟೇಕ್ ತರಿಸಿದವನು ಮಿಡಿಯಂ ಎಂದು ಗಟ್ಟಿಯಾಗಿ ಹೇಳಿ, ತಟ್ಟೆ ಬಂದ ಮೇಲೆ ಮೆಲ್ಲಗೆ ಇನ್ನೊಮ್ಮೆ ಬೇಯಿಸಲು ಒಳಗೆ ಕಳಿಸಿದನು. ಬೀದರಿನವರು ಹೇಳಿದ ಸಪ್ಪೆಯ ಮಾತು ನಿಜವಾಯಿತು. ಶಿಕ್ಷಕ ಗೆಳೆಯನು ಚೀಲದಿಂದ ರಂಜಕದ (ಕೆಂಪು ಮೆಣಸಿನಕಾಯಿ ಚಟ್ನಿಯ) ಡಬ್ಬಿ ತೆಗೆದಾಗ ಬಡಿಸುವ ಹುಡುಗನು ಬೈಯುತ್ತಾನೆಂದುಕೊಂಡೆವು, ಅವನು ಅಫಜಲಪುರದವನಂತೆ, ತನಗೂ ಒಂದು ಚಮಚ ಕೇಳಿದನು. ಬಿಲ್ಲು ಎರಡಾಗಿ ಬಂತು. ಸೋಡಾ ಗೆಳೆಯನು ಮುಂದಿನ ವರ್ಷದ ತಾರೀಖನ್ನು ರೈಲಿನಲ್ಲಿ ತಾನಾಗಿಯೇ ಕೇಳಿದನು.