ಟಿಡಬ್ಲ್ಯುಟಿ ಬಿಸಿಯಾದಂತೆ ಹೀಲಿಕ್ಸ್ ಕರೆಂಟ್ ಏರುತ್ತಿದೆ, ಇಪ್ಪತ್ತು ನಿಮಿಷಕ್ಕೆ ಟ್ರಿಪ್

ತರಂಗಯಾನಿ
ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಇದರ ಬೆನ್ನು ಹತ್ತಿದ್ದೇನೆ, ತಲೆ ಕೆಟ್ಟುಹೋಗಿದೆ. 10 ಗಿಗಾಹರ್ಟ್ಸ್ ಬ್ಯಾಂಡಿನ ಲೋಹ-ಸಿರಾಮಿಕ್ ಟಿಡಬ್ಲ್ಯುಟಿ (ಟ್ರಾವೆಲಿಂಗ್ ವೇವ್ ಟ್ಯೂಬ್), ಹಳೆಯ ಲಿಂಕ್ ಉಪಕರಣದಿಂದ ಬಿಚ್ಚಿಕೊಂಡದ್ದು. ಹೊಸಬರಿಗೆ ಒಂದು ಮಾತು: ಇದು ಮೈಕ್ರೋವೇವ್ ಸಿಗ್ನಲ್ ವರ್ಧಿಸುವ ನಿರ್ವಾತ ಟ್ಯೂಬ್. ಗನ್ನಿನಿಂದ ಹೊರಟ ಎಲೆಕ್ಟ್ರಾನ್ ಬೀಮ್ ಹೀಲಿಕ್ಸ್ ಎಂಬ ಸುರುಳಿಯ ನಡುವೆ ಹಾದು ಕೊನೆಯ ಕಲೆಕ್ಟರ್ ಸೇರುತ್ತದೆ; ದಾರಿತಪ್ಪಿ ಸುರುಳಿಗೆ ಬಡಿದ ಪಾಲೇ ಹೀಲಿಕ್ಸ್ ಕರೆಂಟ್. ಹೀಟರಿಗೆ ಐದು ನಿಮಿಷ ಬಿಟ್ಟು ಹೈ ವೋಲ್ಟೇಜ್ ಹಾಕಿದರೆ ಹೀಲಿಕ್ಸ್ ಕರೆಂಟ್ 1.2 ಮಿಲಿಆಂಪಿಯರ್, ಚೆನ್ನಾಗಿಯೇ ಇದೆ. ಹತ್ತು ನಿಮಿಷಕ್ಕೆ 2, ಹದಿನೈದಕ್ಕೆ 3.5. ಇಪ್ಪತ್ತು ತುಂಬುವಷ್ಟರಲ್ಲಿ 5 ಮುಟ್ಟಿ ರಕ್ಷಣಾ ರಿಲೇ ಬಿದ್ದುಹೋಗುತ್ತದೆ. ಒಂದು ಗಂಟೆ ಆರಲು ಬಿಟ್ಟು ಮತ್ತೆ ಹಾಕಿದರೆ 1.2ರಿಂದಲೇ ಶುರು.

ಇನ್ನೊಂದು ವಿಷಯ. ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿದರೆ ಸ್ಪೆಕ್ಟ್ರಮ್ ಅನಲೈಸರಿನಲ್ಲಿ ಸಿಗ್ನಲಿನ ಎರಡೂ ಪಕ್ಕದಲ್ಲಿ ಹುಲ್ಲು ಎದ್ದಂತೆ ಗದ್ದಲ ಏಳುತ್ತದೆ. ಪವರ್ ಸಪ್ಲೈ ತಪಾಸಣೆ ಮುಗಿದಿದೆ. ಕ್ಯಾಥೋಡ್ ಮೈನಸ್ 3.8 ಕಿಲೋವೋಲ್ಟ್, ಅಲುಗಾಡುವುದಿಲ್ಲ. ಒಳಗೆ ಹೀಲಿಕ್ಸ್ ಸಡಿಲವಾಗಿದೆಯೇ? ಏನಾದರೂ ದಾರಿ ಇದ್ದರೆ ದಯವಿಟ್ಟು ತಿಳಿಸಿ.

ಹಳೇವಾಲ್ವ್
ಆಧಾರದ ಕಡ್ಡಿ ಬಿರುಕು ಬಿಟ್ಟಿದೆ, ನನಗೆ ಅನುಮಾನವಿಲ್ಲ. ಹೀಲಿಕ್ಸ್ ಎಂದರೆ ಟಂಗ್‌ಸ್ಟನ್ ಅಥವಾ ಮಾಲಿಬ್ಡಿನಮ್ ತಂತಿಯ ಸುರುಳಿ. ಅದನ್ನು 120 ಡಿಗ್ರಿ ಅಂತರದಲ್ಲಿ ಮೂರು ಸಿರಾಮಿಕ್ ಕಡ್ಡಿಗಳು ಹಿಡಿದಿರುತ್ತವೆ. ಅಂಟಿಸಿರುವುದಿಲ್ಲ, ಹೆಚ್ಚಿನ ಟ್ಯೂಬುಗಳಲ್ಲಿ ಬೆಸುಗೆಯೂ ಇರುವುದಿಲ್ಲ, ಒತ್ತಡವೊಂದೇ ಆಧಾರ. ಹೊರಕೊಳವೆಯನ್ನು ಮೂರು ಕಡೆಯಿಂದ ಅದುಮಿ ತುಸು ತ್ರಿಕೋನ ಮಾಡುತ್ತಾರೆ, ಅಗಲಗೊಂಡ ಮೂಲೆಗಳಲ್ಲಿ ಕಡ್ಡಿಗಳು ಕೂರುವಂತೆ ಸುರುಳಿಯನ್ನು ಒಳಗೆ ಜಾರಿಸುತ್ತಾರೆ, ಆಮೇಲೆ ಅದುಮಿದ್ದನ್ನು ಬಿಡುತ್ತಾರೆ. ಕೊಳವೆ ದುಂಡಗಾಗಲು ಹೊರಟು ಕಡ್ಡಿಗಳನ್ನು ಕಚ್ಚಿಕೊಳ್ಳುತ್ತದೆ. ಇಲ್ಲವೇ ಬೇರಿಂಗನ್ನು ಕಾಯಿಸಿ ಶಾಫ್ಟಿಗೆ ಇಳಿಸುವ ಹಾಗೆ ಕೊಳವೆಯನ್ನು ಕಾಯಿಸಿ ತೂರಿಸುತ್ತಾರೆ.

ಹೀಲಿಕ್ಸಿನ ಬಿಸಿ ಹೊರಗೆ ಹೋಗಲು ಆ ಮೂರು ಕಡ್ಡಿಗಳನ್ನು ಬಿಟ್ಟರೆ ದಾರಿಯೇ ಇಲ್ಲ. ಒಂದು ಕಡ್ಡಿ ಸೀಳಿದರೆ ಆ ಜಾಗದಲ್ಲಿ ಹಿಡಿತ ಹೋಗಿ ಸುರುಳಿ ಕಾಯುತ್ತದೆ, ಉಬ್ಬಿ ಬೀಮಿಗೆ ಅಡ್ಡ ಬರುತ್ತದೆ. ತಟ್ಟಿದರೆ ಗದ್ದಲ ಬರುವುದೂ ಅದರಿಂದಲೇ. ಈ ಟ್ಯೂಬಿನ ಆಯಸ್ಸು ಮುಗಿಯಿತು.

ನಿರ್ವಾತಪ್ರಿಯ
ಅಷ್ಟು ಬೇಗ ತಿಥಿ ಮಾಡಬೇಡಿ ಸರ್. ಎಷ್ಟು ವರ್ಷ ಮೂಲೆಯಲ್ಲಿ ಬಿದ್ದಿತ್ತೋ ಯಾರಿಗೆ ಗೊತ್ತು? ಒಳಗೆ ಅನಿಲ ಸೇರಿರಬಹುದು. ಹೀಟರ್ ಮಾತ್ರ ಹಾಕಿ ಒಂದು ಹಗಲು ಒಂದು ರಾತ್ರಿ ಬಿಡಿ, ಆಮೇಲೆ ಹೈ ವೋಲ್ಟೇಜ್ ಹಾಕಿ ನೋಡಿ.

ಕಾಂತವಲಯ
ಎರಡು ಪ್ರಶ್ನೆ. ಇನ್‌ಪುಟ್ ಡ್ರೈವ್ (ವರ್ಧಿಸಲು ಕೊಡುವ ಸಿಗ್ನಲ್) ಇಲ್ಲದೆಯೂ ಕರೆಂಟ್ ಏರುತ್ತದೆಯೇ? ಡ್ರೈವ್ ಕೊಟ್ಟಾಗ ಎಲೆಕ್ಟ್ರಾನ್ ಗುಂಪುಗಳು ಹರಡಿಕೊಂಡು ಸ್ವಲ್ಪ ಏರುವುದು ಸಹಜ. ಎರಡನೆಯದು, ಟ್ಯೂಬಿನ ಹತ್ತಿರ ಕಬ್ಬಿಣದ ವಸ್ತು ಏನಾದರೂ ಬಂದಿದೆಯೇ? ಬೀಮನ್ನು ಹಿಡಿದಿಡಲು ಟ್ಯೂಬಿನ ಸುತ್ತ ಇರುವ ಕಾಂತದ ಸಾಲಿನ ಮೇಲೆ ಅಲ್ಲಲ್ಲಿ ಅಂಟಿಸಿರುವ ಸಣ್ಣ ತಗಡುಗಳನ್ನು ಮುಟ್ಟಬೇಡಿ, ಅವು ತಯಾರಿಕೆಯ ಹೊತ್ತಿನಲ್ಲಿ ಬೀಮನ್ನು ನೇರಮಾಡಲು ಹಾಕಿದವು.

ಕಡ್ಡಿ ನೋಡಬೇಕೆಂದು ಯಾವ ಕಾರಣಕ್ಕೂ ಟ್ಯೂಬ್ ಒಡೆಯಬೇಡಿ. ಅದು ಬೆರಿಲಿಯಾ (ಬೆರಿಲಿಯಮ್ ಆಕ್ಸೈಡ್ ಸಿರಾಮಿಕ್) ಆಗಿದ್ದರೆ ಅದರ ಪುಡಿ ಶ್ವಾಸಕೋಶಕ್ಕೆ ವಿಷ.

ಹಳೇವಾಲ್ವ್
ಒಡೆಯಿರಿ ಎಂದು ನಾನು ಹೇಳಲೇ ಇಲ್ಲ. ಆ ಕಡ್ಡಿ ಬೋರಾನ್ ನೈಟ್ರೈಡ್ ಕೂಡ ಆಗಿರಬಹುದು.

ಕಾಂತವಲಯ
ಆಗಿರಬಹುದು, ಅಲ್ಯೂಮಿನಾ ಕೂಡ ಆಗಿರಬಹುದು. ಹೊರಗಿನಿಂದ ಹೇಳಲು ಬರುವುದಿಲ್ಲ, ಆದ್ದರಿಂದಲೇ ಬೆರಿಲಿಯಾ ಎಂದುಕೊಂಡು ನಡೆಯಬೇಕು. ಅಲ್ಯೂಮಿನಾಕ್ಕಿಂತ ಹಲವು ಪಟ್ಟು ಚೆನ್ನಾಗಿ ಬಿಸಿ ಸಾಗಿಸುತ್ತದೆ ಎಂಬ ಕಾರಣಕ್ಕೆ ಅದನ್ನು ಬಳಸಿದ ಟ್ಯೂಬುಗಳು ಬೇಕಾದಷ್ಟಿವೆ.

ಹಳೇವಾಲ್ವ್
ಬಿಳಿ ಪುಡಿ ಕಂಡ ಕೂಡಲೇ ಓಡಿಹೋಗುವ ಭಯವೂ ಒಳ್ಳೆಯದಲ್ಲ. ಗಟ್ಟಿ ತುಂಡನ್ನು ಕೈಯಲ್ಲಿ ಹಿಡಿದರೆ ಏನೂ ಆಗುವುದಿಲ್ಲ.

ಕಾಂತವಲಯ
ಬಿರುಕು ಬಿಟ್ಟಿದೆ ಎನ್ನುತ್ತಿರುವವರು ನೀವೇ. ಬಿರುಕು ಬಿಟ್ಟದ್ದು ಗಟ್ಟಿ ತುಂಡು ಹೇಗಾಗುತ್ತದೆ? ಈ ವಿಷಯದಲ್ಲಿ ನಾನು ಒಂದು ಹೆಜ್ಜೆಯೂ ಹಿಂದೆ ಸರಿಯುವುದಿಲ್ಲ.

ತರಂಗಯಾನಿ
ದಯವಿಟ್ಟು ನನ್ನ ಸಮಸ್ಯೆಗೆ ಬನ್ನಿ. ಡ್ರೈವ್ ಇಲ್ಲದೆಯೂ ಹಾಗೆಯೇ ಏರುತ್ತದೆ, ಒಂದೆರಡು ನಿಮಿಷ ತಡವಾಗಿ ಟ್ರಿಪ್ ಆಗುತ್ತದೆ ಅಷ್ಟೇ. ಹೀಟರ್ ಮಾತ್ರ ಹಾಕಿ 26 ಗಂಟೆ ಬಿಟ್ಟೆ, ಯಾವ ವ್ಯತ್ಯಾಸವೂ ಇಲ್ಲ. ಹತ್ತಿರ ಕಬ್ಬಿಣ ಇಲ್ಲ, ಸ್ಕ್ರೂಗಳೆಲ್ಲ ಹಿತ್ತಾಳೆ.

ನಿರ್ವಾತಪ್ರಿಯ
ಹಾಗಿದ್ದರೆ ಅನಿಲವಲ್ಲ. ಅನಿಲವಾದರೆ ಓಡಿಸಿದಷ್ಟೂ ಕಡಿಮೆಯಾಗುತ್ತಾ ಬರಬೇಕಿತ್ತು. ಇದು ಪ್ರತಿ ಸಲವೂ ಒಂದೇ ಗೆರೆಯಲ್ಲಿ ಏರುತ್ತಿದೆ. ನನ್ನ ಊಹೆ ತಪ್ಪಾಯಿತು.

ಹಳೇವಾಲ್ವ್
ರಿಟರ್ನ್ ಲಾಸ್ ಅಳೆಯಿರಿ, ಎಂದರೆ ಒಳಗೆ ಕಳಿಸಿದ ಸಿಗ್ನಲಿನಲ್ಲಿ ಎಷ್ಟು ಹಿಂದಿರುಗುತ್ತದೆ ಎಂಬುದನ್ನು. ಕಡ್ಡಿ ಸೀಳಿದ್ದರೆ ಅಲ್ಲಿ ಅಲೆ ಪ್ರತಿಫಲಿಸುತ್ತದೆ. ತಣ್ಣಗಿದ್ದಾಗ ಒಂದು, ಟ್ರಿಪ್ ಆದ ಕೂಡಲೇ ಒಂದು ಅಳತೆ ತೆಗೆಯಿರಿ.

ತರಂಗಯಾನಿ
ಎರಡು ದಿನ ಹೋಯಿತು. ಇನ್‌ಪುಟ್ ಕಡೆಯಿಂದಲೂ ಔಟ್‌ಪುಟ್ ಕಡೆಯಿಂದಲೂ ಅಳೆದೆ. ತಣ್ಣಗಿನ ಗೆರೆಯ ಮೇಲೆ ಬಿಸಿಯ ಗೆರೆ ಕೂತಿದೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಹಳೇವಾಲ್ವ್
ಮಧ್ಯದಲ್ಲಿ ಅಟೆನ್ಯುಯೇಟರ್ ಇರುತ್ತದೆ. ಟ್ಯೂಬ್ ತಾನಾಗಿ ಆಂದೋಲಿಸಬಾರದೆಂದು ಕಡ್ಡಿಗಳ ಮೇಲೆ ಅಲ್ಲಿ ಇಂಗಾಲದ ಲೇಪ ಕೊಟ್ಟಿರುತ್ತಾರೆ. ಬಿರುಕು ಆ ಲೇಪದ ಕೆಳಗೇ ಇದ್ದರೆ ಯಾವ ಕಡೆಯಿಂದ ನೋಡಿದರೂ ಕಾಣುವುದಿಲ್ಲ.

ಕ್ಲೈಸ್ಟ್ರಾನ್ ಕಪಾಟು
ತಟ್ಟಿದರೆ ಗದ್ದಲ ಎಂದಿರಲ್ಲ, ನನ್ನ 2ಕೆ25 ರಿಫ್ಲೆಕ್ಸ್ ಕ್ಲೈಸ್ಟ್ರಾನುಗಳ (ಮೈಕ್ರೋವೇವ್ ಉತ್ಪಾದಿಸುವ ಹಳೆಯ ಟ್ಯೂಬುಗಳು) ನೆನಪಾಯಿತು. ನನ್ನ ಬಳಿ ಹದಿನಾರು ಇವೆ, ಎಲ್ಲವೂ ಜೀವಂತ, ಕಪಾಟಿನಲ್ಲಿ ಆವರ್ತನದ ಪ್ರಕಾರ ಜೋಡಿಸಿದ್ದೇನೆ. ಅದರಲ್ಲಿ ಟ್ಯೂನಿಂಗ್ ಮಾಡುವುದೇ ಲೋಹದ ಹೊರಕವಚವನ್ನು ಬಿಲ್ಲಿನಂಥ ಪಟ್ಟಿಯಿಂದ ಹಿಂಡಿ. ಕವಚ ಬಾಗಿದರೆ ಒಳಗಿನ ಎರಡು ಗ್ರಿಡ್‌ಗಳ ನಡುವಿನ ಸಂದು ಬದಲಾಗುತ್ತದೆ, ಆವರ್ತನ ಜಾರುತ್ತದೆ. ಮೇಜಿನ ಮೇಲೆ ಪೆನ್ಸಿಲ್ ಬೀಳಿಸಿದರೆ ರಿಸೀವರಿನಲ್ಲಿ ಟಣ್ ಎಂದು ಕೇಳುತ್ತದೆ. ಈಗ ಹದಿನಾರಕ್ಕೂ ಒಂದೇ ರೆಗ್ಯುಲೇಟೆಡ್ ಸಪ್ಲೈ ಮಾಡಿದ್ದೇನೆ, ರಿಫ್ಲೆಕ್ಟರಿಗೆ ಹತ್ತು ಸುತ್ತಿನ ಪೊಟೆನ್ಶಿಯೋಮೀಟರ್. ಮುಖಫಲಕದ ಚಿತ್ರ ಹಾಕಲೇ?

ನಿರ್ವಾತಪ್ರಿಯ
ಖಂಡಿತ ಹಾಕಿ! ಹೀಟರ್ ಡಿಸಿಯೇ?

ಕ್ಲೈಸ್ಟ್ರಾನ್ ಕಪಾಟು
ಡಿಸಿಯೇ, 6.3 ವೋಲ್ಟ್. ಎಸಿ ಕೊಟ್ಟರೆ ಗುಂಯ್‌ಗುಡುವುದು ಬಿಡುವುದಿಲ್ಲ.

ನಿರ್ವಾಹಕ
2ಕೆ25 ಮಾತುಕತೆಯನ್ನು ಬೇರೆ ಎಳೆಗೆ ವರ್ಗಾಯಿಸುತ್ತಿದ್ದೇನೆ. ಇಲ್ಲಿ ಟಿಡಬ್ಲ್ಯುಟಿ ಮಾತ್ರ ಇರಲಿ.

ಲೇತ್‌ಕೋಣೆ
ಟ್ಯೂಬುಗಳ ಬಗ್ಗೆ ನನಗೆ ತಿಳಿದಿರುವುದು ಕಡಿಮೆ, ಕೈಯಾಡಿರುವುದು ಲೋಹದ ಕೆಲಸದಲ್ಲಿ. ಒಂದು ಸಾಮಾನ್ಯ ಪ್ರಶ್ನೆ: ಈ ಟ್ಯೂಬನ್ನು ಯಾವುದರ ಮೇಲೆ, ಹೇಗೆ ಕೂರಿಸಿದ್ದೀರಿ? ಇಪ್ಪತ್ತು ನಿಮಿಷ ಎಂಬುದು ಹೀಲಿಕ್ಸಿನಂಥ ಕೂದಲ ತಂತಿ ಕಾಯುವ ಹೊತ್ತಲ್ಲ. ಅದು ದಪ್ಪ ಲೋಹದ ಗಟ್ಟಿ ಕಾಯುವ ಹೊತ್ತು.

ತರಂಗಯಾನಿ
ಅಲ್ಯೂಮಿನಿಯಂ ಹೀಟ್‌ಸಿಂಕ್ ಮೇಲೆ ಮೇಡಂ. ಮೂಲ ತಳಹಲಗೆ ತುಕ್ಕು ಹಿಡಿದಿತ್ತು, ಅದಕ್ಕೆ ಹೊಸದು ಮಾಡಿದೆ. 20 ಮಿಲಿಮೀಟರ್ ದಪ್ಪದ ಹಲಗೆ, ಕೆಳಗೆ ರೆಕ್ಕೆಗಳು, ಫ್ಯಾನ್. ಗನ್ ಕಡೆ ಎರಡು, ಕಲೆಕ್ಟರ್ ಕಡೆ ಎರಡು ಸ್ಕ್ರೂ, ನಡುವೆ 300 ಮಿಲಿಮೀಟರ್. ಚೆನ್ನಾಗಿ ಬಿಗಿ ಮಾಡಿದ್ದೇನೆ. ಇದು ಮುಖ್ಯವಲ್ಲ ಎಂದು ಮೊದಲು ಬರೆದಿರಲಿಲ್ಲ.

ಲೇತ್‌ಕೋಣೆ
ಮೂಲ ಹಲಗೆ ಇನ್ನೂ ಇದೆಯೇ? ಅದರ ತೂತುಗಳು ಹೇಗಿವೆ?

ತರಂಗಯಾನಿ
ಗುಜರಿ ಡಬ್ಬದಿಂದ ಹುಡುಕಿ ತೆಗೆದೆ. ಉಕ್ಕಿನದು. ಗನ್ ಕಡೆ ದುಂಡು ತೂತು. ಕಲೆಕ್ಟರ್ ಕಡೆಯವು ಟ್ಯೂಬಿನ ಉದ್ದಕ್ಕೆ ಎಳೆದಂತೆ ಉದ್ದುದ್ದ ಇವೆ, ಅಂಚಿನಲ್ಲಿ ಸ್ಪ್ರಿಂಗ್ ವಾಷರ್ ಒತ್ತಿದ ಬಳೆಯಂಥ ಗುರುತು ಇದೆ. ಯಾರೋ ತಪ್ಪಾಗಿ ಕೊರೆದು ಅಗಲ ಮಾಡಿರಬೇಕು ಎಂದುಕೊಂಡು ಹೊಸದರಲ್ಲಿ ನಾಲ್ಕನ್ನೂ ಅಳತೆಗೆ ಸರಿಯಾಗಿ ದುಂಡಗೆ ಕೊರೆದೆ.

ಲೇತ್‌ಕೋಣೆ
ತಪ್ಪಾಗಿ ಕೊರೆದದ್ದಲ್ಲ ಅದು. ಲೆಕ್ಕ ಹಾಕಿ. ಅಲ್ಯೂಮಿನಿಯಂ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 23 ಪಾಲು ಹಿಗ್ಗುತ್ತದೆ, ಉಕ್ಕು ಸುಮಾರು 12. ಎರಡೂ 50 ಡಿಗ್ರಿ ಏರಿದರೆ 300 ಮಿಲಿಮೀಟರಿನಲ್ಲಿ ಹಲಗೆ 0.345 ಹಿಗ್ಗುತ್ತದೆ, ಟ್ಯೂಬಿನ ಮೈ ಉಕ್ಕಿನ ಹಾಗೆ ಎಂದುಕೊಂಡರೆ 0.18. ಉಳಿದ 0.165 ಮಿಲಿಮೀಟರನ್ನು ನಿಮ್ಮ ನಾಲ್ಕು ಸ್ಕ್ರೂಗಳು ಟ್ಯೂಬಿನ ಪಾದ ಹಿಡಿದು ಜಗ್ಗುತ್ತಿವೆ. ಪಾದ ಕೆಳಗಿದೆ, ಅಕ್ಷ ಮೇಲಿದೆ. ಕೆಳಗಿನಿಂದ ಜಗ್ಗಿದರೆ ಟ್ಯೂಬ್ ನಡುವೆ ಹಲಗೆಯ ಕಡೆಗೆ ಬಾಗುತ್ತದೆ.

ಹಳೇವಾಲ್ವ್
ಒಪ್ಪುವುದಿಲ್ಲ. ಬಾಗಿದರೂ ಕಾಂತಗಳ ಸಾಲು ಟ್ಯೂಬಿನ ಮೈಗೇ ಅಂಟಿಕೊಂಡಿದೆ, ಅದೂ ಜೊತೆಗೇ ಬಾಗುತ್ತದೆ. ಬೀಮ್ ಕಾಂತಗಳ ಹಿಂದೆಯೇ ಹೋಗಬೇಕಲ್ಲವೇ?

ಕಾಂತವಲಯ
ಉದ್ದ ಸಾಲೆನಾಯ್ಡ್ (ತಂತಿ ಸುತ್ತಿದ ವಿದ್ಯುತ್ಕಾಂತ) ಆಗಿದ್ದರೆ ಹೋಗುತ್ತಿತ್ತು. ಇಲ್ಲಿರುವುದು ಉಂಗುರ ಕಾಂತಗಳ ಸಾಲು, ಉತ್ತರ-ದಕ್ಷಿಣ ಒಂದಾದ ಮೇಲೊಂದು ತಿರುಗುಮುರುಗು. ಅಕ್ಷದ ಉದ್ದಕ್ಕೆ ಸರಾಸರಿ ಕ್ಷೇತ್ರ ಸೊನ್ನೆ. ಅದು ಮಸೂರಗಳ ಸಾಲಿನಂತೆ ಬೀಮನ್ನು ಹಿಂಡಿ ಹಿಡಿಯುತ್ತದೆ, ಹಳಿಯಂತೆ ಕೈಹಿಡಿದು ನಡೆಸುವುದಿಲ್ಲ. ಗನ್ನಿನಿಂದ ನೇರ ಹೊರಟ ಬೀಮಿಗೆ ಮುಂದಿನ ಮಸೂರಗಳು ಪಕ್ಕಕ್ಕೆ ಸರಿದಿದ್ದರೆ ಅದು ಅಕ್ಷದ ಆಚೀಚೆ ತೊನೆಯುತ್ತಾ ಹೋಗುತ್ತದೆ. ಈ ಬ್ಯಾಂಡಿನಲ್ಲಿ ಹೀಲಿಕ್ಸಿನ ಒಳವ್ಯಾಸ ಹೆಚ್ಚೆಂದರೆ ಎರಡು ಮಿಲಿಮೀಟರ್ ಆಸುಪಾಸು, ಬೀಮ್ ಅದರ ಅರ್ಧದಷ್ಟು ತುಂಬಿರುತ್ತದೆ. ತಂತಿಗೂ ಬೀಮಿಗೂ ಉಳಿದಿರುವ ಜಾಗ ಎಷ್ಟೆಂದು ನೀವೇ ನೋಡಿ. ಅಂಚಿಗೆ ಹತ್ತಿರವಾದ ಬೀಮ್ ತಟ್ಟಿದಾಗ ತಂತಿಯನ್ನು ಸವರಿ ಗದ್ದಲ ಮಾಡುವುದೂ ಸಹಜವೇ.

ನಿರ್ವಾತಪ್ರಿಯ
ಹಾಗೆಂದು ಸ್ಕ್ರೂ ಸಡಿಲ ಬಿಟ್ಟರೆ ಕಲೆಕ್ಟರ್ ಸುಟ್ಟುಹೋಗುತ್ತದೆ! ಬೀಮಿನ ಉಳಿದ ಶಕ್ತಿಯೆಲ್ಲ ಅಲ್ಲಿ ಶಾಖವಾಗುತ್ತದೆ. ಗಟ್ಟಿಯಾಗಿ ಒತ್ತಿರಲೇಬೇಕು.

ಲೇತ್‌ಕೋಣೆ
ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಅಂಥ ಕೆಲಸ ಇದು. ಕೆಳಕ್ಕೆ ಒತ್ತಬೇಕು, ಉದ್ದಕ್ಕೆ ಜಾರಲು ಬಿಡಬೇಕು. ಉದ್ದ ತೂತು, ಸ್ಪ್ರಿಂಗ್ ವಾಷರ್, ತೆಳ್ಳಗೆ ಥರ್ಮಲ್ ಪೇಸ್ಟ್. ನಿಮ್ಮ ಹಳೆಯ ಹಲಗೆ ಮಾಡಿದವರು ಅದನ್ನೇ ಮಾಡಿದ್ದರು.

ಕಾಂತವಲಯ
ಟ್ಯೂಬಿನ ಒಳಗೂ ಇದೇ ನಡೆದಿರುತ್ತದೆ ಮೇಡಂ. ಕ್ಯಾಥೋಡ್ ಗುಂಡಿ ಸುಮಾರು ಸಾವಿರ ಡಿಗ್ರಿಯಲ್ಲಿ ಕೆಲಸ ಮಾಡುತ್ತದೆ. ಅದನ್ನು ದಪ್ಪ ಲೋಹದ ಮೇಲೆ ನಿಲ್ಲಿಸಿದರೆ ಹೀಟರಿನ ಶಾಖವೆಲ್ಲ ಸೋರಿಹೋಗುತ್ತದೆ. ಆದ್ದರಿಂದ ಕಾಗದದಷ್ಟು ತೆಳ್ಳಗಿನ ಲೋಹದ ತೋಳಿನ ಮೇಲೆ ನಿಲ್ಲಿಸುತ್ತಾರೆ, ಮಾಲಿಬ್ಡಿನಮ್-ರೀನಿಯಮ್ ಮಿಶ್ರಲೋಹ ಅದಕ್ಕೆ ಬಹಳ ಬಳಕೆಯದು. ಕಾದಾಗ ತೋಳು ಉದ್ದವಾಗಿ ಕ್ಯಾಥೋಡ್ ಮುಂದಕ್ಕೆ ಬರುತ್ತದೆ. ಎಷ್ಟು ಬರುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಿಡಿದು ತಣ್ಣಗಿದ್ದಾಗಿನ ಸಂದನ್ನು ಅಷ್ಟು ಹೆಚ್ಚು ಇಟ್ಟಿರುತ್ತಾರೆ. ಹೀಲಿಕ್ಸ್ ಕಡ್ಡಿಗಳಲ್ಲಿಯೂ ಹಾಗೆಯೇ, ಹೊರಕೊಳವೆ ಕಡ್ಡಿಗಳಿಗಿಂತ ಹೆಚ್ಚು ಹಿಗ್ಗಿದರೆ ಕಚ್ಚಿದ ಹಿಡಿತ ಬಿಡುತ್ತದೆ. ಇದನ್ನೆಲ್ಲ ನೇರ ಟ್ಯೂಬಿಗೆಂದು ಲೆಕ್ಕ ಹಾಕಿರುತ್ತಾರೆ.

ತರಂಗಯಾನಿ ಅವರೇ, ಬಾಗುವಿಕೆ ಅಳೆಯುವುದಾದರೆ ಉಕ್ಕಿನ ಫೀಲರ್ ಗೇಜ್ (ಸಂದು ಅಳೆಯುವ ತೆಳು ಬ್ಲೇಡುಗಳು) ತರಬೇಡಿ, ಕಾಂತ ಎಳೆದುಕೊಳ್ಳುತ್ತದೆ. ಹಿತ್ತಾಳೆಯದು ಬಳಸಿ. ಹೈ ವೋಲ್ಟೇಜ್ ಆರಿಸಿ, ಕೆಪಾಸಿಟರುಗಳನ್ನು ಅರ್ತಿಂಗ್ ಕೋಲಿನಿಂದ ಮುಟ್ಟಿಸಿ ಖಾಲಿ ಮಾಡಿದ ಮೇಲೆಯೇ ಕೈ ಹಾಕಿ.

ತರಂಗಯಾನಿ
ಅಳೆದೆ. ಟ್ಯೂಬಿನ ನಡುಭಾಗಕ್ಕೂ ಹಲಗೆಗೂ ನಡುವಿನ ಸಂದಿನಲ್ಲಿ ತಣ್ಣಗಿದ್ದಾಗ 0.35ರ ಹಿತ್ತಾಳೆ ಬ್ಲೇಡ್ ಸಲೀಸಾಗಿ ಓಡಾಡುತ್ತಿತ್ತು. ಟ್ರಿಪ್ ಆದ ಮೇಲೆ, ಎಲ್ಲ ಖಾಲಿ ಮಾಡಿ ಮೂರು ನಿಮಿಷದೊಳಗೆ ನೋಡಿದರೆ 0.20ರ ಬ್ಲೇಡ್ ತಡೆದು ತಡೆದು ಹೋಯಿತು, 0.25 ಹೋಗಲೇ ಇಲ್ಲ. ಮೂರು ವಾರ ಪವರ್ ಸಪ್ಲೈ ಬಿಚ್ಚಿ ಜೋಡಿಸಿದ್ದು ನೆನೆದರೆ ಸಂಕಟವಾಗುತ್ತದೆ.

ನಿನ್ನೆ ಕಲೆಕ್ಟರ್ ಕಡೆಯ ತೂತುಗಳನ್ನು ಅರದಿಂದ ಎರಡು ಮಿಲಿಮೀಟರ್ ಉದ್ದ ಮಾಡಿ, ಹಲಗೆಯ ಮುಖ ತಿಕ್ಕಿ, ಪೇಸ್ಟ್ ಸವರಿ, ಸ್ಪ್ರಿಂಗ್ ವಾಷರ್ ಅರ್ಧ ಒತ್ತುವಷ್ಟೇ ಬಿಗಿ ಮಾಡಿದೆ. ಇಂದು ಎರಡೂವರೆ ಗಂಟೆ ಓಡಿತು. ಹೀಲಿಕ್ಸ್ ಕರೆಂಟ್ 1.1ರಿಂದ ಶುರುವಾಗಿ 1.4ಕ್ಕೆ ನಿಂತಿದೆ. ಕಲೆಕ್ಟರಿನ ಬಿಸಿ ಮೊದಲಿಗಿಂತ ನಾಲ್ಕು ಡಿಗ್ರಿ ಮಾತ್ರ ಹೆಚ್ಚು.

ತಟ್ಟಿದಾಗಿನ ಗದ್ದಲ ಬಹಳ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಫ್ಯಾನ್ ಆರಿಸಿದರೆ ಇನ್ನೂ ಸ್ವಲ್ಪ ಇಳಿಯುತ್ತದೆ.

ಹಳೇವಾಲ್ವ್
ಉಳಿದ ಗದ್ದಲ ಕಡ್ಡಿಯದೇ ಎಂದು ಈಗಲೂ ನನ್ನ ಅನುಮಾನ. ಆದರೆ ಟ್ಯೂಬಿನ ಆಯಸ್ಸು ಮುಗಿಯಿತು ಎಂದದ್ದನ್ನು ಹಿಂತೆಗೆದುಕೊಳ್ಳುತ್ತೇನೆ.

ಲೇತ್‌ಕೋಣೆ
ಫ್ಯಾನನ್ನು ಹಲಗೆಗೇ ಸ್ಕ್ರೂ ಮಾಡಿದ್ದೀರಾ?

ತರಂಗಯಾನಿ
ಹೌದು ಮೇಡಂ, ರೆಕ್ಕೆಗಳಿಗೇ. ನಾಳೆ ರಬ್ಬರ್ ಬುಷ್ ಹಾಕಿ ನೋಡುತ್ತೇನೆ.