ಸಹಾಯ ಬೇಕು: ಅಮ್ಮನ ಜೊತೆ ಹೆಗ್ಗೋಡಿಗೆ ನಾಟಕ ನೋಡಲು

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ನೀನಾಸಂ ನಾಟಕ ಸಂಸ್ಥೆಯ ಸಂಸ್ಕೃತಿ ಶಿಬಿರದ ಹೊತ್ತಿಗೆ ಅಮ್ಮನನ್ನು ಸಾಗರದ ಹತ್ತಿರದ ಹೆಗ್ಗೋಡಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ನೀನಾಸಂನ ಸಂಚಾರಿ ತಂಡವಾದ ತಿರುಗಾಟದ ನಾಟಕವನ್ನು ಅಲ್ಲಿನ ಶಿವರಾಮ ಕಾರಂತ ರಂಗಮಂದಿರದಲ್ಲೇ ನೋಡಬೇಕೆಂಬುದು ಅವರ ಬಹಳ ದಿನದ ಆಸೆ. 1949ರಲ್ಲಿ ಹಳ್ಳಿಯವರು ಕಟ್ಟಿದ ಈ ನೀನಾಸಂ ಸಂಘ ಇವತ್ತಿಗೂ ಹೀಗೆ ನಡೆಯುತ್ತಿದೆ ಅಂದ್ರೆ ನನಗೂ ತುಂಬಾ ಹೆಮ್ಮೆ.

ತಾಳಗುಪ್ಪ ರೈಲಿನಲ್ಲಿ ಬಂದು ಸಾಗರ ಜಂಬಗಾರಿನಲ್ಲಿ ಇಳಿಯುತ್ತೇವೆ. ಹಗಲು ಹೇಗೋ ಆಗುತ್ತದೆ, ಚಿಂತೆ ರಾತ್ರಿಯದ್ದೇ. ನಾಟಕ ಮುಗಿದ ಮೇಲೆ ಸಾಗರಕ್ಕೆ ವಾಪಸ್ ಬರಲು ಆಟೋ ಸಿಗುತ್ತದಾ? ಅಮ್ಮನಿಗೆ ಮಂಡಿನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಹೆಗ್ಗೋಡಿನ ಹತ್ತಿರವೇ ಉಳಿಯಲು ಮನೆ ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು. ಶಿಬಿರಕ್ಕೆ ಸೇರದೆ ಸಂಜೆಯ ನಾಟಕಕ್ಕೆ ಮಾತ್ರ ಹೋಗಬಹುದಾ? ಅಲ್ಲೇ ಹತ್ತಿರದ ಚರಕ ಮಹಿಳಾ ಸಹಕಾರ ಸಂಘದ ಕೈಮಗ್ಗದ ಸೀರೆಗಳನ್ನೂ ಅಮ್ಮನಿಗೆ ತೋರಿಸಬೇಕು.

ಹೋಗಿಬಂದವರು, ಆ ಕಡೆಯವರು ದಯವಿಟ್ಟು ತಿಳಿಸಿ.