ಅಪ್‌ಡೇಟ್: ಮರದ ತುಂಡಿಗೆ ಕಟ್ಟಿದ ಸೀತಾಳೆ ದಂಡೆ ಬದುಕಿದೆ!

ಫೆಬ್ರವರಿಯಲ್ಲಿ ಕೇಳಿದ್ದೆ: ಶಿರಸಿಯ ತವರುಮನೆ ತೋಟದಲ್ಲಿ ಮುರಿದು ಬಿದ್ದ ಹಲಸಿನ ಕೊಂಬೆಯಿಂದ ಸೀತಾಳೆ ದಂಡೆ (ಮರದ ಮೇಲೆ ಬೆಳೆಯುವ ಆರ್ಕಿಡ್ ಗಿಡ) ತಂದು ಬೆಂಗಳೂರಿನ ಬಾಲ್ಕನಿಯಲ್ಲಿ ಮರದ ತುಂಡಿಗೆ ಕಟ್ಟಿದ್ದೇನೆ, ಬೇರು ಸುಕ್ಕುಗಟ್ಟುತ್ತಿದೆ, ಏನು ಮಾಡಲಿ ಅಂತ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ನೀವು ಹೇಳಿದ್ದು ಸರಿ, ನಾನು ಬೇರಿಗೆ ಪಾಚಿ (ಮಾಸ್) ಜಾಸ್ತಿ ಸುತ್ತಿದ್ದೆ. ಬಿಚ್ಚಿ ನೋಡಿದರೆ ಹೊರಗಿನ ಬೇರು ಒಣಗಿತ್ತು, ಒಳಗಿನ ಎರಡು ಬೇರು ಕೊಳೆತು ಮೆತ್ತಗಾಗಿದ್ದವು. ಅವನ್ನು ಕತ್ತರಿಸಿದೆ. ಈಗ ಬೇರಿನ ಕೆಳಗೆ ಮಾತ್ರ ತೆಳುವಾಗಿ ತೆಂಗಿನ ನಾರು, ಗಿಡದ ಬುಡಕ್ಕೆ ಏನೂ ಇಲ್ಲ.

ನೀರಿನ ವಿಷಯ. ಸುಮ್ನೆ ಸ್ಪ್ರೇ ಮಾಡಿದರೆ ಸಾಲದು. ಬೆಳ್ಳಿ ಬಣ್ಣದ ಬೇರಿನ ಮೇಲೆ ಸ್ಪಂಜಿನಂಥ ಪದರ ಇರುತ್ತೆ ಅಲ್ವಾ, ಅದು ಪೂರ್ತಿ ನೆನೆದು ಹಸಿರಾಗುವ ತನಕ ನೀರು ಬೇಕು, ಹಾಗಾಗಿ ದಿನಾ ಬೆಳಗ್ಗೆ ತುಂಡನ್ನೇ ಬಕೆಟ್ಟಿನಲ್ಲಿ ಹತ್ತು ನಿಮಿಷ ಬೇರು ಮುಳುಗುವಷ್ಟು ಇಟ್ಟು ತೆಗೆದು ನೇತುಹಾಕಿದೆ. ಏಪ್ರಿಲ್ ಬಿಸಿಲಿಗೆ ಸಂಜೆ ನಾಲ್ಕಕ್ಕೆ ಇನ್ನೊಂದು ಸಲ ಸ್ಪ್ರೇ, ಕತ್ತಲಾಗುವ ಮೊದಲು ಎಲೆಯ ಸಂದು ಒಣಗಬೇಕು. ಬೋರ್‌ವೆಲ್ ನೀರಿಗೆ ಬೇರಿನ ಮೇಲೆ ಬಿಳಿ ಉಪ್ಪು ಕಟ್ಟುತ್ತಿತ್ತು. ಮೇ ಮಳೆಯಿಂದ ಡ್ರಮ್ಮಿನಲ್ಲಿ ಹಿಡಿದ ನೀರನ್ನೇ ಹಾಕುತ್ತಿದ್ದೇನೆ.

ಈ ವರ್ಷ ಹೂವಿಲ್ಲ. ಆದರೆ ಮೂರು ಹೊಸ ಬೇರು ಬಂದಿವೆ, ತುದಿ ಎಳೆ ಹಸಿರು. ಒಂದು ಆಗಲೇ ಮರವನ್ನು ಕಚ್ಚಿ ಹಿಡಿದಿದೆ! ಉಳಿದೆರಡೂ ಅಂಟಿಕೊಳ್ಳುವ ತನಕ ಗಿಡವನ್ನು ತುಂಡಿಗೆ ಕಟ್ಟಿರುವ ಮೀನಿನ ಗಾಳದ ದಾರ ಬಿಚ್ಚುವುದಿಲ್ಲ.